ಹೊಳೆ ಎಂದರೆ ಯಾವ ಹೊಳೆ

ದೀಪಾವಳಿ ರಜೆಯ ಒಂದು ಬೆಳಿಗ್ಗೆ ನನ್ನ ತಮ್ಮ ಮಲ್ಲೇಶಿ ಹಿತ್ತಲಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದ. ನಾನು ಹತ್ತಿರದ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಅವನು ಬಿಜಾಪುರದ ಕಾಲೇಜಿನಲ್ಲಿ ಭೂಗೋಳ ತೆಗೆದುಕೊಂಡು ಬಿ.ಎ. ಕೊನೆಯ ವರ್ಷ ಓದುತ್ತಿದ್ದ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ, ಟ್ರೇನಿಂಗ್ ಮಾಡಿ, ಇಂಡಿ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಅದಕ್ಕೇ ಏನೋ, ರಜೆಗೆ ಬಂದಾಗಲೆಲ್ಲ ತಾನು ಕಲಿತದ್ದನ್ನು ಅವನು ಮೊದಲು ನನಗೆ ಹೇಳಬೇಕು.

“ಅಕ್ಕಾ, ಜಲವಿಭಾಜಕ ಅಂದ್ರ ಏನು ಹೇಳು ನೋಡೂಣು.”

“ನನಗೇನ್ ಗೊತ್ತೋ. ಕಾಲೇಜಿಗೆ ಹೋಗಾವ ನೀನು.”

ಅವನು ಒಂದು ಚರಿಗೆ ನೀರನ್ನು ಎಮ್ಮೆಯ ಬೆನ್ನಿನ ನಟ್ಟನಡುವೆ ಸುರಿದ. “ನೋಡು, ಅರ್ಧಾ ನನ್ನ ಕಡೆ ಬಂತು, ಅರ್ಧಾ ನಿನ್ನ ಕಡೆ ಹೋತು. ಈ ಬೆನ್ನೆಲುಬು ಐತೆಲ್ಲಾ, ಇದ ಜಲವಿಭಾಜಕ. ಸಿಂದಗಿ ದಾಟಿದ ಮ್ಯಾಲ ಇಂಥಾದ್ದೊಂದು ದಿನ್ನಿ ಐತಿ. ಈ ಕಡೆ ಬಿದ್ದ ಮಳಿ ಭೀಮಾಕ್ಕ, ಆ ಕಡೆ ಬಿದ್ದದ್ದು ಡೋಣಿಗೆ, ಡೋಣಿಯಿಂದ ಕೃಷ್ಣಾಕ್ಕ.”

ಒಳಗಿನಿಂದ ಅವ್ವನ ದನಿ ಬಂತು. “ಎಮ್ಮಿಗೆ ಪಾಠ ಹೇಳಿದ್ದು ಸಾಕು ಬಾ. ಅದೇನ್ ಪರೀಕ್ಷಾಕ್ಕ ಕೂಡೂದಿಲ್ಲ. ರೊಟ್ಟಿ ತಣ್ಣಗಾಗಾಕತ್ತಾವು.”

ಕೊನೆಯ ವರ್ಷದವರು ಯಾವುದಾದರೊಂದು ಸೀಮೆಯನ್ನು ತಿರುಗಿ ನೋಡಿ ವರದಿ ಬರೆಯಬೇಕಿತ್ತು. ಪುಸ್ತಕದ ಹೆಸರುಗಳನ್ನು ಬರೆಯಬೇಡಿ, ಅಲ್ಲಿಯ ಜನ ತಮ್ಮ ಮಣ್ಣಿಗೆ, ಹಳ್ಳಕ್ಕೆ ಏನನ್ನುತ್ತಾರೋ ಅದನ್ನು ಕೇಳಿ ಬರೆಯಿರಿ ಎಂದು ಅವರ ಸರ್ ಹೇಳಿದ್ದರಂತೆ. ಮಲ್ಲೇಶಿ ಭೀಮೆಯಿಂದ ಕೃಷ್ಣೆಯ ತನಕದ ಮಣ್ಣುಗಳನ್ನು ಆರಿಸಿಕೊಂಡಿದ್ದ; ಅದು ನಮಗೆ ಗೊತ್ತಾದದ್ದು ಆಮೇಲೆ, ಮನೆಯಲ್ಲಿ ಮಣ್ಣಿನ ಬಗ್ಗೆ ಬರೆಯುತ್ತೇನೆ ಎಂದಷ್ಟೇ ಹೇಳಿದ್ದ. ಊಟಕ್ಕೆ ಕುಳಿತಾಗ ನಮ್ಮ ಕಾಕಾ ನಕ್ಕರು. “ಮಣ್ಣಿಗಿ ಏನಂತಾರಂತ ಕೇಳಾಕ ಬಿ.ಎ. ಓದಬೇಕೇನೋ? ನನ್ನ ಕೇಳು, ಮಣ್ಣಿಗಿ ಮಣ್ಣು ಅಂತಾರ.” ಮಲ್ಲೇಶಿ ಬಿಡಲಿಲ್ಲ. “ಹಂಗಾದ್ರ ನಿನ್ನ ಎರಿ ಹೊಲಾ ಕೊಟ್ಟು ಮಡ್ಡಿ ಹೊಲಾ ತಗೋ ಕಾಕಾ. ಎರಡೂ ಮಣ್ಣ ಅಲ್ಲಾ?” ಕಪ್ಪು ಎರೆ ಹೊಲ ಬಿಟ್ಟು ಕಲ್ಲಿನ ಮಡ್ಡಿ ಯಾರು ತೆಗೆದುಕೊಳ್ಳುತ್ತಾರೆ? ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. ನಮ್ಮ ಮನೆಯಲ್ಲಿ ಅದು ಕೊನೆಯ ಸಾಮಾನ್ಯ ದಿನ.

ಮರುದಿನ ನಸುಕಿನಲ್ಲಿ ಅವನು ಹೊರಟ. ಅವ್ವ ಕಟಿರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. “ಎಲ್ಲಿಗೆ ಹೊಂಟಿ ಅಂತ ಸರಿಯಾಗಿ ಹೇಳು” ಎಂದಾಗ ಅವನು, “ಹೊಳಿಯಿಂದ ಹೊಳಿಗೆ ಹೋಗಿ ಬರ್ತೇನಿ ಯವ್ವಾ” ಎಂದ. ನಮ್ಮ ಊರು ಇಂಡಿ ತಾಲೂಕಿನಲ್ಲಿ ಭೀಮೆಯ ಹತ್ತಿರ ಇದೆ. ನಮ್ಮಲ್ಲಿ ಹೊಳೆ ಎಂದರೆ ಭೀಮೆ. ಅದಕ್ಕೆ ಬೇರೆ ಹೆಸರು ಬೇಕಾಗಿಲ್ಲ. ಹೊಳೆಯ ಈ ದಂಡೆ ಆ ದಂಡೆಯ ಊರುಗಳನ್ನು ತಿರುಗಿ ಬರುತ್ತಾನೆ ಎಂದು ಅವ್ವ ತಿಳಿದಳು.

ವಾರ ತುಂಬುವ ಮೊದಲೇ ಒಂದು ಸಂಜೆ, ಇಂಡಿಯ ಬಸ್ಸಿನಿಂದ ಇಳಿದ ಗುರುತಿಲ್ಲದ ಮನುಷ್ಯನೊಬ್ಬ ನಮ್ಮ ಮನೆ ಕೇಳಿಕೊಂಡು ಬಂದು ಹೇಳಿದ. “ನಿಮ್ಮ ಮಲ್ಲೇಶಿಗೆ ಭಾಳ ಆರಾಮಿಲ್ಲಂತ. ಹೊಳಿ ದಂಡಿ ಊರಾಗ ಅದಾನಂತ. ಲಗೂನ ಬರ್ಬೇಕಂತ.” ಊರು ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ಅವನಿಗೂ ಇನ್ನಾರೋ ಹೇಳಿದ್ದು. ಅವ್ವ ಆ ಹೊತ್ತಿಗೇ ಕಾಕಾನನ್ನೂ ಓಣಿಯ ನಾಲ್ಕು ಜನರನ್ನೂ ಭೀಮೆಯ ದಂಡೆಗೆ ಓಡಿಸಿದಳು. ನನ್ನ ಶಾಲೆ ತೆರೆದು ನಾನು ಇಂಡಿಗೆ ಹೋಗಿದ್ದೆ. ಸುದ್ದಿ ಮುಟ್ಟಿ ಅಲ್ಲಿಂದ ಬರುವಷ್ಟರಲ್ಲಿ ಅವರು ಊರೂರು ಹುಡುಕುತ್ತಿದ್ದರು. ಎರಡು ದಿನ ಹುಡುಕಿದರು. ಮೂರನೆಯ ದಿನ ಮಲ್ಲೇಶಿಯ ಜೊತೆ ಓದುತ್ತಿದ್ದ, ಒಂದೇ ಕೋಣೆಯಲ್ಲಿರುತ್ತಿದ್ದ ಮುದ್ದೇಬಿಹಾಳದ ಸಂಗಪ್ಪ ಬಂದು ಬಾಗಿಲಲ್ಲೇ ನಿಂತ. ಮಲ್ಲೇಶಿ ಹೋಗಿದ್ದದ್ದು ಮುದ್ದೇಬಿಹಾಳದ ಆಚೆ, ಕೃಷ್ಣೆಯ ದಂಡೆಗೆ. ಅಲ್ಲೇ ತೀರಿಕೊಂಡಿದ್ದ. “ನಿಮ್ಮ ಹಾದಿ ಕಾಯ್ದು ಕಾಯ್ದು ಮಣ್ಣು ಮಾಡ್ಯಾರಂತ್ರಿ” ಎಂದ ಸಂಗಪ್ಪ. ಅವನಿಗೂ ಪೇಟೆಯಲ್ಲಿ ಕೇಳಿದ ಮಾತಷ್ಟೇ ಗೊತ್ತಿತ್ತು.

ಹಾದಿ ಕಾಯ್ದು ಎಂಬ ಮಾತು ಅವ್ವನ ಎದೆಯಲ್ಲಿ ಕೂತುಬಿಟ್ಟಿತು. ಮಗ ಹಾಸಿಗೆಯಲ್ಲಿ ಮಲಗಿ ಬಾಗಿಲು ನೋಡುತ್ತ ಎರಡು ದಿನ ತನ್ನನ್ನು ಕಾದನೆಂದು ಅವಳು ತಿಳಿದಳು. “ನಾನ ತಪ್ಪು ಹೊಳಿಗೆ ಕಳಿಸಿದೆ” ಎಂಬುದೊಂದೇ ಮಾತು. ಕಾಕಾ ಸಂಗಪ್ಪನ ಜೊತೆ ಹೋಗಿ ಮಣ್ಣು ಹಾಕಿ ಬಂದರು. ಯಾವ ದಿನ ಹೋದ, ಎಚ್ಚರವಿತ್ತೇ ಎಂದು ಅವ್ವ ಕೇಳಿದರೆ ಒಮ್ಮೆ ಒಂದು ದಿನ ಹೇಳಿದರು, ಇನ್ನೊಮ್ಮೆ ಇನ್ನೊಂದು. ಅವರು ಅಲ್ಲಿ ಏನನ್ನೂ ಕೇಳಿರಲಿಲ್ಲ. ಅವ್ವನಿಗೆ ಅವರ ಮೇಲಿನ ನಂಬಿಕೆ ಹೋಯಿತು. ಉಣ್ಣುವುದು ಅರ್ಧಕ್ಕೆ ಬಂತು. ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ನನ್ನ ಕೈ ಹಿಡಿದು, “ನೀ ಹೋಗಿ ಕೇಳ್ಕೊಂಡು ಬಾ ಶಾಂತಾ. ಅಂವ ನನ್ನ ಹಾದಿ ನೋಡಿದ್ನೇನು? ನೋಡಿದ್ರ ನೋಡಿದ ಅಂತ ಹೇಳು. ಸುಳ್ಳು ಮಾತ್ರ ಹೇಳಬ್ಯಾಡ” ಎಂದಳು. ಶಾಲೆಗೆ ರಜೆ ಹಾಕಿ ನಾನು ಹೊರಟೆ.

ರೈಲಿನಲ್ಲಿ ಹೋದರೆ ಬೇಗ ಎಂದು ಎಲ್ಲರೂ ಹೇಳಿದರು. ಆದರೆ ಸುದ್ದಿ ಬಂದ ದಾರಿಯಲ್ಲೇ ಹೋಗಬೇಕೆಂದು ನನಗೆ ಅನಿಸಿತ್ತು. ಮುದ್ದೇಬಿಹಾಳದಿಂದ ಹೊರಟ ಮಾತು ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಹಾದು ನಮ್ಮ ಮನೆಗೆ ಬಂದಿತ್ತು. ಹೊಳಿ ಎಂಬ ಶಬ್ದ ಅಷ್ಟು ಬಾಯಿ ದಾಟಿಯೂ ಚೂರೂ ಬದಲಾಗಿರಲಿಲ್ಲ. ಬದಲಾದದ್ದು ಹೊಳೆ. ಅದು ಎಲ್ಲಿ ಬದಲಾಯಿತೆಂದು ನೋಡಬೇಕಾಗಿತ್ತು. ಮಲ್ಲೇಶಿ ಇದ್ದಿದ್ದರೆ ಅವನೂ ಇದನ್ನೇ ಕೇಳುತ್ತ ಹೋಗುತ್ತಿದ್ದ.

ಇಂಡಿಯಿಂದ ಸಿಂದಗಿಗೆ ಐವತ್ತು ಕಿಲೋಮೀಟರಿನ ಹತ್ತಿರ. ಟಿಕೀಟು ಎರಡು ರೂಪಾಯಿಯ ಮೇಲೆ ಚಿಲ್ಲರೆ. ಬಸ್ಸಿನ ಮೇಲೆ ನಿಂಬೆಹಣ್ಣಿನ ಚೀಲಗಳನ್ನು ಹೇರಿ ಮುಗಿಯುವ ತನಕ ಗಾಡಿ ಅಲುಗಲಿಲ್ಲ. ಒಳಗೆಲ್ಲ ನಿಂಬೆಯ ವಾಸನೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಹೊರಗೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು, ಅಂಚಿನಲ್ಲಿ ಕುಸುಬೆ ಹಳದಿಯಾಗಿ ಹೂ ಬಿಟ್ಟಿತ್ತು. ನನ್ನ ಪಕ್ಕದಲ್ಲಿ ಮೋರಟಗಿಯ ಹೆಂಗಸೊಬ್ಬಳು ಕುಳಿತಿದ್ದಳು. ಮಡಿಲಲ್ಲಿ ಒಂದು ಗಂಟು, ಗಂಟಿನ ಮೇಲೆ ಒಂದು ಕೋಳಿ. ನಾನು ಶಾಲೆಯಲ್ಲಿ ಕಲಿಸುತ್ತೇನೆಂದು ತಿಳಿದ ಮೇಲೆ ಅಕ್ಕೋರ ಎನ್ನತೊಡಗಿದಳು. ಸ್ವಲ್ಪ ಹೊತ್ತು ಬಿಟ್ಟು ನಾನು ಕೇಳಿದೆ.

“ನಿಮ್ಮ ಕಡೆ ಹೊಳಿ ಅಂದ್ರ ಯಾವ್ದ್ರಿ?”

“ಅಯ್ಯ, ಹೊಳಿ ಅಂದ್ರ ಹೊಳಿ. ಸಾಲಿ ಕಲಸ್ತೇನಿ ಅಂತೀರಿ, ಹೊಳಿ ಗೊತ್ತಿಲ್ಲೇನ್ರಿ ಅಕ್ಕೋರ?”

“ಭೀಮಾನೋ, ಕೃಷ್ಣಾನೋ?”

“ಭೀಮಾನ ಮತ್ತ. ಕೃಷ್ಣಾ ಎಲ್ಲಿ, ನಾವೆಲ್ಲಿ! ನಮ್ಮತ್ತಿ ಹೆಣ ಆಗೂತನಾ ಕೃಷ್ಣಾ ನೋಡಲಿಲ್ಲ. ನಾನೂ ನೋಡಿಲ್ಲ.” ಅಷ್ಟು ಹೇಳಿ ಅವಳು ನನ್ನ ಮುಖ ನೋಡಿದಳು. “ಯಾಕ ಕೇಳಿದ್ರಿ?”

ನಾನು ತಮ್ಮನ ವಿಷಯ ಹೇಳಿದೆ. ಅವಳು ಕೋಳಿಯನ್ನು ಇನ್ನೊಂದು ಮಗ್ಗುಲಿಗೆ ಸರಿಸಿ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು. ಸಿಂದಗಿ ಬರುವ ತನಕ ಕೈ ತೆಗೆಯಲಿಲ್ಲ. ಇಳಿಯುವಾಗ, “ನನಗ ಯಾರರೆ ಹಂಗ ಹೇಳಿದ್ರೂ ನಾನೂ ಭೀಮಾಕ್ಕ ಓಡ್ತಿದ್ದೆ ತಂಗಿ” ಎಂದಳು. ಅಕ್ಕೋರ ಎಂಬುದು ಅಷ್ಟರಲ್ಲಿ ತಂಗಿ ಆಗಿತ್ತು.

ಸಿಂದಗಿಯಲ್ಲಿ ನನ್ನ ಜೊತೆ ಟ್ರೇನಿಂಗ್ ಮಾಡಿದ ಗೆಳತಿಯ ಮನೆಯಲ್ಲಿ ಉಳಿದೆ. ಬಿಸಿ ರೊಟ್ಟಿ, ಪುಂಡಿಪಲ್ಯ ಮಾಡಿದ್ದಳು. ಅವಳ ಮನೆಯವರಿಗೂ ಅದೇ ಪ್ರಶ್ನೆ ಕೇಳಿದೆ. ಅಲ್ಲಿಯೂ ಹೊಳೆ ಎಂದರೆ ಭೀಮೆಯೇ.

ಮರುದಿನ ಬೆಳಗಿನ ಬಸ್ಸು ಸಿಂದಗಿ ಬಿಟ್ಟು ದೇವರ ಹಿಪ್ಪರಗಿಯ ದಾರಿ ಹಿಡಿಯಿತು. ನೆಲ ಮೆಲ್ಲಗೆ ಏರುತ್ತಿತ್ತು. ಏರು ಅಷ್ಟು ನಿಧಾನ, ಮೊದಲೇ ಗೊತ್ತಿರದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಎರೆ ತೆಳ್ಳಗಾಗಿ ಅಲ್ಲಲ್ಲಿ ಮಡ್ಡಿಯ ಕಲ್ಲು ಕಂಡವು. ಎಮ್ಮೆಯ ಬೆನ್ನೆಲುಬು ಇದೇ ಇರಬೇಕೆಂದುಕೊಂಡೆ. ಕಿಟಕಿಯಿಂದ ಎರಡೂ ಕಡೆ ನೋಡಿದೆ. ಎರಡೂ ಕಡೆ ಒಂದೇ ಥರದ ಹೊಲ, ಒಂದೇ ಥರದ ಆಕಾಶ.

ಹಿಪ್ಪರಗಿಯಲ್ಲಿ ಗಾಡಿ ಸ್ವಲ್ಪ ಹೊತ್ತು ನಿಂತಿತು. ಚಹಾದ ಅಂಗಡಿಯ ಬಾಕಿನ ಮೇಲೆ ಪಟಗಾ ಸುತ್ತಿದ ಇಬ್ಬರು ಮುದುಕರು ಚುರಮುರಿ ತಿನ್ನುತ್ತ ಚಹಾ ಕುಡಿಯುತ್ತಿದ್ದರು. ಚಹಾ ತೆಗೆದುಕೊಂಡು ಅವರನ್ನು ಕೇಳಿದೆ. “ಅಜ್ಜಾ, ಹೊಳಿಗೆ ಹೋಗಬೇಕಾದ್ರ ಯಾ ಕಡೆ ಹೋಗಬೇಕ್ರಿ?”

“ಯಾ ಹೊಳಿಗಿ?” ಎಂದ ಒಬ್ಬ.

ಈ ಎರಡು ದಿನದಲ್ಲಿ ಹಾಗೆ ತಿರುಗಿ ಕೇಳಿದ ಮೊದಲ ಮನುಷ್ಯ ಅವನು.

“ನಿಮಗ ಹೊಳಿ ಅಂದ್ರ ಯಾವ್ದು?”

“ನಮಗ ಎರಡೂ ದೂರ ಯವ್ವಾ. ಬಡಗಲಕ್ಕ ಭೀಮಾ, ತೆಂಕಲಕ್ಕ ಕೃಷ್ಣಾ. ಹೆಸರ ಹಿಡದ ಕೇಳಬೇಕು.”

“ಡೋಣಿ ಹತ್ರ ಐತೆಲ್ಲೋ” ಎಂದ ಇನ್ನೊಬ್ಬ.

“ಡೋಣಿ ಹೊಳಿ ಏನಲೇ? ಡೋಣಿ ಅಂದ್ರ ಡೋಣಿ. ಆ ಸವಳ ನೀರ ನಿನ್ನ ಎತ್ತ ಕುಡೀತೈತೇನು?”

“ನನ್ನ ಎತ್ತ ಕುಡೀದಿದ್ರ ಅದು ಹೊಳಿ ಅಲ್ಲೇನು? ಹಂಗಾರ ನಿನ್ನ ಕೈಯಾಗಿನ ಚಾನೂ ಕುಡಿಯೂದಿಲ್ಲ ಅದು.”

ಅವರ ಜಗಳ ಮುಗಿಯುವ ಮೊದಲೇ ಕಂಡಕ್ಟರು ಸೀಟಿ ಊದಿದ. ನಮ್ಮ ಸುದ್ದಿ ಇಲ್ಲಿ ಬಸ್ಸಿನಿಂದ ಇಳಿದಿರಲಿಲ್ಲ, ಕುಳಿತವನ ಬಾಯಲ್ಲೇ ದಾಟಿ ಹೋಗಿತ್ತು. ಇಳಿದಿದ್ದರೆ ಇವರಲ್ಲಿ ಯಾರಾದರೂ ಯಾವ ಹೊಳಿ ಎಂದು ಕೇಳುತ್ತಿದ್ದರು. ಸೀಟಿನ ಕಂಬಿ ಹಿಡಿದುಕೊಂಡು ಬಹಳ ದೂರ ಇದನ್ನೇ ಯೋಚಿಸಿದೆ.

ಮುಂದೆ ಡೋಣಿ ಬಂತು. ತಗ್ಗಾದ ಸೇತುವೆ, ಕೆಳಗೆ ಕಾಲು ಮುಳುಗುವಷ್ಟು ನೀರು, ದಂಡೆಯ ಕರಿ ಮಣ್ಣಿನ ಮೇಲೆ ಸುಣ್ಣ ಬಳಿದಂತೆ ಉಪ್ಪಿನ ಪದರು. ಡೋಣಿಯ ಆಚೆಗಿನ ಹೊಲಗಳಂಥ ಎರೆಯನ್ನು ನಾನು ಬೇರೆ ಎಲ್ಲಿಯೂ ಕಂಡಿಲ್ಲ. ಬಿರುಕಿನಲ್ಲಿ ಕೈ ಇಟ್ಟರೆ ಮೊಣಕೈ ತನಕ ಇಳಿಯುತ್ತದೆ ಎಂದು ಮಲ್ಲೇಶಿ ಹೇಳುತ್ತಿದ್ದ. ಕಡಲೆ ಹೊಲದಲ್ಲಿ ಹೆಂಗಸರು ಬಗ್ಗಿ ಕುಡಿ ಚಿವುಟುತ್ತಿದ್ದರು.

ಬಸವನ ಬಾಗೇವಾಡಿ ಮುಟ್ಟಿದಾಗ ಮಧ್ಯಾಹ್ನ. ಸುದ್ದಿ ಕೈ ಬದಲಿಸಿದ್ದು ಇಲ್ಲಿಯ ಒಂದು ಪಾನಪಟ್ಟಿ ಅಂಗಡಿಯಲ್ಲಿ ಎಂದು ಸಂಗಪ್ಪ ಆಮೇಲೆ ವಿಚಾರಿಸಿ ತಿಳಿಸಿದ್ದ. ಅಂಗಡಿಯವನು ಎಲೆಗೆ ಸುಣ್ಣ ಹಚ್ಚುತ್ತಿದ್ದ ದಪ್ಪ ಮನುಷ್ಯ. ನಾನು ಯಾರೆಂದು ತಿಳಿದ ಕೂಡಲೇ ಕೈ ಒರೆಸಿಕೊಂಡು ಕೆಳಗಿಳಿದು ಬಂದ.

“ಹೌದ್ರಿ ಯಕ್ಕಾ, ಮುದ್ದೇಬಿಹಾಳ ಗಾಡಿಯಿಂದ ಇಳದಾವ ನನಗ ಹೇಳಿದ. ನಾ ಸಿಂದಗಿಗೆ ಹೊಂಟಾಂವ ಒಬ್ಬನ್ನ ಹಿಡದು ಹೇಳಿ ಕಳಿಸಿದೆ. ಊರ ಹೆಸರೂ ಹೇಳಿದ್ದೆ, ಹೊಳಿ ದಂಡಿ ಅಂತನೂ ಹೇಳಿದ್ದೆ.”

“ಊರ ಹೆಸರು ನಮಗ ಮುಟ್ಟಲಿಲ್ರಿ. ಹೊಳಿ ಅಷ್ಟ ಬಂತು.”

ಅವನು ತಲೆಗೆ ಕೈಹಚ್ಚಿ ಅಲ್ಲೇ ಕುಕ್ಕರಗಾಲಲ್ಲಿ ಕುಳಿತ. “ಸಣ್ಣ ಊರ್ರಿ ಅದು. ಆಕಡೆ ಮಂದಿಗೆ ಹೆಸರ ನೆನಪುಳಿಯೂದಿಲ್ಲ. ಹೊಳಿ ಎಲ್ಲಾರಿಗೂ ಗೊತ್ತಿರ್ತೈತಿ.” ಎದ್ದು ನಿಂತು ಮತ್ತೆ ಹೇಳಿದ. “ಹುಡುಗ ಹೆಂಗದಾನ ಅಂತ ಕೇಳಿದ್ದೆ ನಾ. ಅದಾನ, ಮಾತಾಡಾಕತ್ತಾನ ಅಂದ್ರು. ಹೊತ್ತು ನೆತ್ತಿ ಮ್ಯಾಲಿತ್ತು ಆಗ.”

ಸಂಜೆ ನಮ್ಮ ಮನೆಗೆ ಮಾತು ಬಂದ ದಿನ, ಮಧ್ಯಾಹ್ನ ಮಲ್ಲೇಶಿ ಮಾತಾಡುತ್ತಿದ್ದ. ಹಾಗಾದರೆ ಅವ್ವ ಹೇಳಿದ್ದೇ ನಿಜ, ಅವನು ಕಾದಿರಬೇಕು. ಅಂಗಡಿಯವನು ಎಲೆ ಕೊಟ್ಟ, ನಾನು ತಿನ್ನುವುದಿಲ್ಲ ಎಂದೆ. ಸೋಡಾ ಒಡೆದು ಕೊಟ್ಟ. ಅದನ್ನು ಕುಡಿಯಲೂ ಆಗಲಿಲ್ಲ. ಮುದ್ದೇಬಿಹಾಳದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನು ನೋಡಿದೆನೋ ನೆನಪಿಲ್ಲ. ಆ ಭಾಗದ ಬಗ್ಗೆ ಬರೆಯಲು ನನ್ನ ಬಳಿ ಏನೂ ಇಲ್ಲ.

ಸಂಗಪ್ಪ ಬಸ್ ನಿಲ್ದಾಣಕ್ಕೆ ಬಂದು ಕಾದಿದ್ದ. ಆ ಸಂಜೆ ಅವನ ತಾಯಿ ನನಗೆ ಮೀಯಲು ನೀರು ಕಾಸಿಕೊಟ್ಟರು. ಊಟದ ಮೇಲೆ ಸಂಗಪ್ಪ ಕಾಲೇಜಿನ ಮಾತು ತೆಗೆದ. ಭೂಗೋಳಕ್ಕೆ ಇರುವವರೇ ಏಳೆಂಟು ಹುಡುಗರು. ಸರಪಳಿ ಹಿಡಿದು ನೆಲ ಅಳೆಯುವಾಗ ಅವನೂ ಮಲ್ಲೇಶಿಯೂ ಜೋಡಿ, ಆ ತುದಿ ಒಬ್ಬ, ಈ ತುದಿ ಒಬ್ಬ. “ಈಗ ನನ್ನ ಜೋಡಿ ಪ್ಯೂನ್ ಹಿಡೀತಾನ್ರಿ. ಅಂವ ಎಳದು ಹಿಡಿಯೂದಿಲ್ಲ, ಸರಪಳಿ ಜೋಲ್ತೈತಿ. ಮಲ್ಲೇಶಿ ಆಗಿದ್ರ, ಏ, ಸಂಗ್ಯಾ, ನೆಲಾ ಅಳಿಯಾಕತ್ತೀಯೋ, ಜೋಕಾಲಿ ಕಟ್ಟಾಕತ್ತೀಯೋ ಅಂತ ಬೈತಿದ್ದ.” ನಕ್ಕು, ಆಮೇಲೆ ಕೆಳಗೆ ನೋಡುತ್ತ ಹೇಳಿದ. “ರೂಮಿನಾಗ ನಮಗ ದಿನಾ ಇದ ಜಗಳಾ ಇತ್ರಿ ಅಕ್ಕಾ. ನಾ ಹೊಳಿ ಅಂದ್ರ ಕೃಷ್ಣಾ, ಅಂವ ಹೊಳಿ ಅಂದ್ರ ಭೀಮಾ. ಕಡೀಕ ಹೊಳಿ ಅನ್ನೂದ ಬಂದ್ ಮಾಡಿದ್ವಿ. ಯಾರು ಹೊಳಿ ಅಂತಾರೋ ಅವರು ಚಾ ಮಾಡಬೇಕು. ನಾನ ಜಾಸ್ತಿ ಮಾಡಿದ್ದು.”

ಆ ರಜೆಯಲ್ಲಿ ಸಂಗಪ್ಪ ಹುಬ್ಬಳ್ಳಿಯ ಅಕ್ಕನ ಮನೆಗೆ ಹೋಗಿದ್ದ. ಅವನು ಊರಲ್ಲಿದ್ದರೆ ಸುದ್ದಿ ಅವನ ಕೈಯಲ್ಲಿ ಬರುತ್ತಿತ್ತು, ಹೆಸರು ಹಿಡಿದೇ ಬರುತ್ತಿತ್ತು.

ಮೂರನೆಯ ದಿನ ಇಬ್ಬರೂ ಬೆಳಿಗ್ಗೆಯೇ ಹೊರಟು, ಬಸ್ಸು ಹೋಗುವಷ್ಟು ದೂರ ಬಸ್ಸಿನಲ್ಲಿ ಹೋಗಿ, ಉಳಿದದ್ದನ್ನು ನಡೆದೆವು. ಒಂದು ಹರದಾರಿ, ಎಂದರೆ ಮೂರು ಮೈಲಿ, ಇರಬಹುದು. ಊರಿನ ಹೆಸರು ಬರೆಯುವುದಿಲ್ಲ, ಆ ಮನೆಯವರಿಗೆ ಅದು ಬೇಕಿಲ್ಲ. ದಾರಿ ಇಳಿಯುತ್ತ ಹೋದಂತೆ ಗಾಳಿ ತಂಪಾಯಿತು, ಆಮೇಲೆ ಒಮ್ಮೆಲೇ ಕೃಷ್ಣೆ ಕಂಡಿತು. ಚಳಿಗಾಲದಲ್ಲಿ ನಮ್ಮ ಭೀಮೆ ಮಳಲ ನಡುವೆ ಹುಡುಕಬೇಕಾದಷ್ಟು ಇರುತ್ತದೆ. ಇದು ಬಂಡೆಗಳ ನಡುವೆ ತುಂಬಿ, ಹಸಿರಾಗಿ, ಸದ್ದು ಮಾಡುತ್ತ ಹೋಗುತ್ತಿತ್ತು. ಊರ ಮುಂದೆ ಬಟ್ಟೆ ಒಗೆದು ಬರುತ್ತಿದ್ದ ಹೆಂಗಸೊಬ್ಬಳು, “ಯಾರ ಮನಿಗ್ರಿ? ಹೊಳಿಗಿ ಬಂದೀರೇನು?” ಎಂದಳು. ಅವಳ ಬಾಯಲ್ಲಿ ಆ ಶಬ್ದ ನಮ್ಮ ಅವ್ವನ ಬಾಯಲ್ಲಿ ಬಂದಂತೆಯೇ ಬಂತು.

ಮಲ್ಲೇಶಿ ಉಳಿದುಕೊಂಡಿದ್ದ ಮನೆ ನೀಲವ್ವ ಎಂಬವರದು. ಐವತ್ತರ ವಯಸ್ಸು, ಗಂಡನಿಲ್ಲ, ಮಗ ಸೊಸೆ ಹೊಲಕ್ಕೆ ಹೋಗಿದ್ದರು. ನನ್ನನ್ನು ನೋಡಿ, “ಮೂಗು ಹಂಗ ಐತಿ” ಎಂದು ಒಳಗೆ ಕರೆದರು. ಬೆಲ್ಲ, ನೀರು ಕೊಟ್ಟರು. ನಾನು ಕೇಳುವ ಮೊದಲೇ ತಾವೇ ಶುರು ಮಾಡಿದರು.

“ನನ್ನ ಹೊಲಕ್ಕ ಬಂದು, ಅತ್ತಿ, ಈ ಹೊಲಕ್ಕ ಏನಂತೀರಿ ಅಂದ. ಹುಣಸಿಪಟ್ಟಿ ಅಂದೆ. ಮಣ್ಣಿಗಿ ಏನಂತೀರಿ ಅಂದ. ಹೊಳಿ ತಂದು ಹಾಕಿದ ಮಣ್ಣು, ರೇವಿ ಅಂತೀವಿ ಅಂದೆ. ಅದರ ಬಾಜೂದ್ದಕ್ಕ ಏನಂತೀರಿ ಅಂದ. ಬಿಸಲಾಗ ನಿಂತು ಬರಕೊಂಡಾ ಬರಕೊಂಡಾ. ನಾ ಅಂದೆ, ಮಗಾ, ಹೊಲದ ಹೆಸರು ಬರಕೊಂಡಿ, ನನ್ನ ಹೆಸರ ಕೇಳಲೇ ಇಲ್ಲಲ್ಲೋ. ಭಾಳ ನಾಚಕೊಂಡ. ಉಣ್ಣಾಕ ನಡಿ ಅಂತ ಕರಕೊಂಡು ಬಂದೆ.”

ಮರುದಿನವೆಲ್ಲ ಅವನು ಹೊಳೆಯ ದಂಡೆ ತಿರುಗಿದ್ದನಂತೆ. ಆ ರಾತ್ರಿ ವಾಂತಿ-ಭೇದಿ ಹಿಡಿಯಿತು. ಬೆಳಗಾದ ಮೇಲೆ ನೀಲವ್ವನ ಮಗ ಚಕ್ಕಡಿ ಹೂಡಿಕೊಂಡು ಹೋಗಿ ಡಾಕ್ಟರನ್ನು ಕರೆತಂದ. ಸಂಜೆಯ ಹೊತ್ತಿಗೆ ಇಳಿಯಿತು, ಗಂಜಿ ಕುಡಿದ. ನಿಮ್ಮ ಮನೆಗೆ ಹೇಳಿ ಕಳಿಸೋಣ ಎಂದರೆ ಮಲ್ಲೇಶಿ ಒಪ್ಪಲಿಲ್ಲ.

“ಬ್ಯಾಡ್ರಿ ಅತ್ತಿ, ಸುಮ್ನ ಅವ್ವ ಗಾಬ್ರಿ ಆಗ್ತಾಳ, ನಾಳಿ ನಾ ಎದ್ದು ಹೊಳಿ ಆಚೀ ಮಣ್ಣು ನೋಡಬೇಕು ಅಂದ. ನಸಿಕನ್ಯಾಗ ಮತ್ತ ಜೋರಾತು. ಆಗ ಅಂವನ್ನ ಕೇಳದ ನಮ್ಮ ಹುಡುಗನ್ನ ಓಡಿಸಿದೆ, ಮೊದಲ ಗಾಡಿಗೆ ಹೇಳಿ ಬಾ ಅಂತ.”

ನಾನು ಕೇಳಿದೆ. “ಅವ್ವನ ಹಾದಿ ನೋಡಿದ್ನೇನ್ರಿ ಅಂವ?”

ನೀಲವ್ವ ನನ್ನನ್ನೇ ನೋಡಿದರು. “ಏನಂತ ನೋಡ್ತಾನ ತಂಗಿ? ಹೇಳಿ ಕಳಿಸಿದ್ದು ಅಂವಗ ಗೊತ್ತ ಇರಲಿಲ್ಲ. ಹೋಗ್ತೇನಿ ಅಂತನೂ ಗೊತ್ತಿರಲಿಲ್ಲ. ನಮ್ಮ ಹುಡುಗ ಗಾಡಿಗೆ ಹೇಳಿ ತಿರುಗಿ ಬರೂದ್ರಾಗ ಕಣ್ಣು ಮುಚ್ಚಿದ್ದ. ದನ ಆಗ ಇನ್ನಾ ಮೇಯಾಕ ಹೊಂಟಿದ್ವು.”

ದನ ಮೇಯಲು ಹೊರಡುವ ಹೊತ್ತು. ಪಾನಪಟ್ಟಿಯವನು ಹುಡುಗ ಹೇಗಿದ್ದಾನೆ ಎಂದು ಕೇಳುವ ಮೊದಲು. ಸಂಜೆ ನಮ್ಮ ಬಾಗಿಲಿಗೆ ಆ ಮನುಷ್ಯ ಬರುವುದಕ್ಕೆ ಬಹಳ ಮೊದಲು. ಸುದ್ದಿಯೊಳಗೆ ಮಾತ್ರ ಮಲ್ಲೇಶಿ ಆ ದಿನವಿಡೀ ಬದುಕಿದ್ದ. ಬಸ್ಸಿನಿಂದ ಬಸ್ಸಿಗೆ, ಬಾಯಿಂದ ಬಾಯಿಗೆ, ಅದಾನ, ಮಾತಾಡಾಕತ್ತಾನ ಎಂದುಕೊಂಡು ನಮ್ಮ ಮನೆಯ ತನಕ ಬಂದಿದ್ದ. ಅವ್ವ ಯಾವ ಹೊಳೆಗೆ ಜನ ಕಳಿಸಿದ್ದರೂ ಅವನು ಜೀವಂತ ಸಿಗುತ್ತಿರಲಿಲ್ಲ.

“ಹಂಗಾದ್ರ ಹಾದಿ ಕಾಯ್ದು ಮಣ್ಣು ಮಾಡಿದ್ರಿ ಅಂತ…”

“ನಾವು ಕಾಯ್ದದ್ದು ತಂಗಿ. ಆ ರಾತ್ರಿ ಕಾಯ್ದಿವಿ, ಮರುದಿನ ಹೊತ್ತು ಮುಣಗೂತನಾ ಕಾಯ್ದಿವಿ. ಓಣಿ ಹೆಣ್ಣಮಕ್ಕಳೆಲ್ಲಾ ಸರದಿ ಮ್ಯಾಲ ಕುಂತ್ರು. ಹಡದಾಕಿ ಬಂದ್ರ ಮಾರಿ ನೋಡ್ಲಿ ಅಂತ ಮಾರಿ ಮ್ಯಾಲ ಅರಿಬಿ ಎಳೀಲಿಲ್ಲ. ಆಮ್ಯಾಲೆ ಹಿರೇರು ಇನ್ನ ಬ್ಯಾಡ ಅಂದ್ರು.”

ಅವರು ತಮ್ಮ ಹೊಲದ ಬದುವಿನಲ್ಲೇ ಅವನನ್ನು ಮಣ್ಣು ಮಾಡಿದ್ದರು. ಪರವೂರ ಹುಡುಗ, ಕಣ್ಣ ಮುಂದೆ ಇರಲಿ ಎಂದು. ಹುಣಸೆಯ ಮರದಿಂದ ಸ್ವಲ್ಪ ದೂರ, ಸುತ್ತ ಹೊಳೆಗಲ್ಲು ಜೋಡಿಸಿದ್ದರು. ನಾನು ಮಣ್ಣು ಮುಟ್ಟಿದೆ. ನುಣ್ಣಗೆ, ತಂಪಾಗಿ, ಹಿಟ್ಟಿನಂತೆ ಇತ್ತು. ನಮ್ಮ ಕಡೆ ಅಂಥ ಮಣ್ಣಿಲ್ಲ. ಸಂಗಪ್ಪ ಬೆನ್ನು ತಿರುಗಿಸಿ ಹೊಳೆ ನೋಡುತ್ತ ನಿಂತಿದ್ದ. “ಮರುದಿನ ಬೆಳಗಿನ ಮೊದಲನೇ ಗಾಡಿ ಹಿಡದಿದ್ರ…” ಎಂದು ಶುರು ಮಾಡಿ ನಿಲ್ಲಿಸಿದ. ನನ್ನ ಮನಸ್ಸಿನಲ್ಲಿಯೂ ಅದೇ ಲೆಕ್ಕ ನಡೆದಿತ್ತು. ಆ ದಾರಿಯನ್ನು ನಾನೇ ಬಂದು ನೋಡಿದ್ದೆ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಎಲ್ಲ ಕಡೆ ಬಸ್ಸುಗಳು ಒಂದಕ್ಕೊಂದು ಸಿಕ್ಕಿದ್ದರೆ ಹೊತ್ತು ಮುಳುಗುವ ಮೊದಲು, ಮಣ್ಣು ಮಾಡುವ ಮೊದಲು, ಬರಬಹುದಿತ್ತು. ಒಂದು ತಪ್ಪಿದರೂ ಆಗುತ್ತಿರಲಿಲ್ಲ.

ನೀಲವ್ವನ ಸೊಸೆ ಹಸಿ ತೆನೆ ಸುಟ್ಟು, ಉಜ್ಜಿ, ಸೀತನಿ ಕೊಟ್ಟಳು. ಬೆಲ್ಲದ ಜೊತೆ ತಿಂದೆ. ಮನೆ ಬಿಟ್ಟ ಮೇಲೆ ರುಚಿ ತಿಳಿದು ತಿಂದದ್ದು ಅದೇ ಮೊದಲು. ಹೊರಡುವಾಗ ನೀಲವ್ವ ನನಗೆ ಉಡಿ ತುಂಬಿದರು. “ನಿಮ್ಮವ್ವಗ ಹೇಳು, ನೀಲವ್ವ ದಿನಾ ಹೊಲಕ್ಕ ಬರ್ತಾಳ ಅಂತ. ಬಂದಾಗೊಮ್ಮೆ ಅಂವನ್ನ ಮಾತಾಡಸ್ತೇನಿ. ಏನ್ ಮಾತಾಡಸ್ತಿ ಅಂತ ಸೊಸಿ ನಗ್ತಾಳ. ನಗಲಿ ಬಿಡು.”

ತಿರುಗಿ ಬರುವಾಗ ಆಲಮಟ್ಟಿಗೆ ಹೋಗಿ ರೈಲು ಹಿಡಿದೆ. ಅಣೆಕಟ್ಟಿನ ಕೆಲಸ ನಡೆದಿತ್ತು. ಕಲ್ಲು ಒಡೆಯುವ ಸದ್ದು, ಎಲ್ಲೆಲ್ಲೂ ಧೂಳು, ತಗಡಿನ ಮನೆಗಳ ಸಾಲು. ಸ್ಟೇಷನ್ನಿನಿಂದ ಕೃಷ್ಣೆಯನ್ನು ಇನ್ನೊಮ್ಮೆ ನೋಡಿದೆ. ಮುಂದೆ ಹತ್ತಿದ ಗೊಳಸಂಗಿಯ ಹೆಂಗಸರು ತಮ್ಮ ತಮ್ಮಲ್ಲಿ ಹೊಳಿ ಹೊಳಿ ಎಂದು ಏನೋ ಮಾತಾಡುತ್ತಿದ್ದರು. ಯಾವ ಹೊಳೆ ಎಂದು ನಾನು ಕೇಳಲಿಲ್ಲ.

ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ಕುಳಿತಿದ್ದಳು. ಕೈಕಾಲು ತೊಳೆಯಲೂ ಬಿಡಲಿಲ್ಲ. “ನೋಡಿದ್ನೇನು?” ಎಂದಳು.

“ಇಲ್ಲವ್ವಾ” ಎಂದೆ. ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಅವನು ಬೇಡವೆಂದದ್ದು, ದನ ಹೊರಡುವ ಹೊತ್ತಿಗೆ ಹೋದದ್ದು, ಸುದ್ದಿ ಆಮೇಲೆ ದಿನವೆಲ್ಲ ನಡೆದು ಬಂದದ್ದು. ಅವರು ಕಾಯ್ದದ್ದನ್ನೂ, ಅರಿವೆ ಎಳೆಯದೆ ಇಟ್ಟಿದ್ದನ್ನೂ ಹೇಳಿದೆ. ಬಸ್ಸು ಸಿಕ್ಕಿದ್ದರೆ ಮಣ್ಣು ಮಾಡುವ ಮೊದಲು ಹೋಗಿ ಮುಟ್ಟಬಹುದಿತ್ತು ಎಂಬುದನ್ನೂ ಹೇಳಿದೆ. ಸುಳ್ಳು ಹೇಳಬೇಡ ಎಂದಿದ್ದಳು.

ಅವ್ವ ನೆಲ ನೋಡುತ್ತ ಕೇಳಿದಳು. ಕೊನೆಗೆ, “ಆಕೀ ಹೊಲದಾಗ ಈಗ ಏನ್ ಐತಿ?” ಎಂದಳು. ಜೋಳ ಎಂದೆ. ಎದ್ದು ಹೋಗಿ ಒಲೆ ಹೊತ್ತಿಸಿದಳು, ನನ್ನ ಜೊತೆ ಕುಳಿತು ಒಂದು ಪೂರ್ತಿ ರೊಟ್ಟಿ ಉಂಡಳು. ತಪ್ಪು ಹೊಳೆಗೆ ಕಳಿಸಿದೆ ಎಂಬ ಮಾತನ್ನು ಅವಳು ಆಮೇಲೆ ಆಡಿಲ್ಲ. ಬೇರೆ ಏನನ್ನೂ ಕೇಳಿಯೂ ಇಲ್ಲ.

ಮಗನ ಮುಖವನ್ನು ಅವಳು ನೋಡಲಿಲ್ಲ.